ಕುರಿತೊಗಲಿನ ಹಾಸು: ಮನೆಯಲ್ಲೇ ಹದವೋ, ಕಾರ್ಖಾನೆಗೆ ಕೊಡುವುದೋ?

ಚಳ್ಳಕೆರೆಯ ಬಿಸಿಲಿನಲ್ಲಿ ಎರಡು ದಾರಿಗೂ ಮೊದಲ ಕೆಲಸ ಒಂದೇ: ಸುಲಿದ ಕೂಡಲೇ ತೊಗಲಿನ ಒಳಮೈಗೆ ಧಾರಾಳವಾಗಿ ಉಪ್ಪು ಹಚ್ಚಿ. ತಡವಾದರೆ ಉಣ್ಣೆ ಗೊಂಚಲಾಗಿ ಕಿತ್ತು ಬರುತ್ತದೆ. ಆಮೇಲೆ ಯಾರೂ ಉಳಿಸಲಾರರು.

ಖರ್ಚಿನಲ್ಲಿ ಮನೆಯೇ ಅಗ್ಗ. ತೊಗಲನ್ನು ನೆನೆಸಿ ಹದ ಮಾಡಲು ಪಟಿಕ, ಉಪ್ಪು, ಒಂದು ಪ್ಲಾಸ್ಟಿಕ್ ಡ್ರಮ್ ಸಾಕು. ಆದರೆ ರಟ್ಟೆಯಲ್ಲಿ ಬಲ ಬೇಕು: ಮಾಂಸದ ಪೊರೆ ಕೆರೆಯಬೇಕು, ಅರೆ ಒಣಗಿದಾಗ ಬಿಳುಪೇರುವವರೆಗೆ ಎಳೆದೆಳೆದು ಮೆದುಗೊಳಿಸಬೇಕು. ಇಷ್ಟು ಮಾಡದಿದ್ದರೆ ಹಾಸು ಹಪ್ಪಳದಂತೆ ಸೆಟೆಯುತ್ತದೆ.

ಬಾಳಿಕೆಯಲ್ಲಿ ಕಾರ್ಖಾನೆಯ ಕ್ರೋಮ್ ಹದ (ಕ್ರೋಮಿಯಂ ಲವಣದಿಂದ ಮಾಡುವುದು) ಮುಂದು. ಪಟಿಕದ ಹದ ನೀರಿನಲ್ಲಿ ನೆನೆದರೆ ತೊಳೆದುಹೋಗುತ್ತದೆ. ಮಕ್ಕಳು ಹೊರಳಾಡುವ, ಒಗೆಯಬೇಕಾದ ಹಾಸಾದರೆ ತಮಿಳುನಾಡಿನ ರಾಣಿಪೇಟೆ, ಆಂಬೂರಿನ ತೊಗಲು ಕಾರ್ಖಾನೆಗಳ ಕಡೆ ವಿಚಾರಿಸಿ; ಉಣ್ಣೆ ಉಳಿಸಿ ಹದ ಮಾಡುತ್ತಾರೆಯೇ, ಒಂದೇ ತೊಗಲನ್ನು ತೆಗೆದುಕೊಳ್ಳುತ್ತಾರೆಯೇ ಎಂದು ಮೊದಲೇ ಕೇಳಿ. ಒಣ ಮೂಲೆಯ ಆರಾಮಕುರ್ಚಿಯ ಮೇಲೆ ಹಾಸಲು ನಾನಂತೂ ಮನೆಯ ಹದವನ್ನೇ ಆರಿಸುತ್ತೇನೆ.