ರೋಡ್‌ಹೌಸಾ, ದನದ ಸ್ಟೇಷನ್ನಾ? ನಾನು ಎರಡೂ ಕಡೆ ದುಡಿದು ನೋಡಿದೆ

ಆಸ್ಟ್ರೇಲಿಯಾದ ವರ್ಕ್ ಅಂಡ್ ಹಾಲಿಡೇ ವೀಸಾ ಭಾರತದವರಿಗೆ ತೆರೆದಿದ್ದು 2024ರ ಅಕ್ಟೋಬರ್‌ನಲ್ಲಿ. ವಯಸ್ಸು 18ರಿಂದ 30, ವರ್ಷಕ್ಕೆ 1000 ಜನ, ಅದೂ ಲಾಟರಿ ಎತ್ತಿ. ಎರಡನೇ ವರ್ಷವೂ ಅಲ್ಲೇ ಇರಬೇಕು ಅಂದರೆ ಸರ್ಕಾರ ಹೇಳಿದ ಜಾಗದಲ್ಲಿ, ಹೇಳಿದ ಕೆಲಸವನ್ನು ಮೂರು ತಿಂಗಳು ಮಾಡಿರಬೇಕು. ಎಲ್ಲರೂ ಅದಕ್ಕೆ '88 ದಿನ' ಅಂತಲೇ ಹೇಳೋದು. ನಾನು ಅದನ್ನು ದೇಶದ ಉತ್ತರ ಭಾಗದ ನಾರ್ದರ್ನ್ ಟೆರಿಟರಿಯಲ್ಲಿ ಎರಡು ತುಂಡು ಮಾಡಿ ಮುಗಿಸಿದೆ. 2025ರ ಜೂನ್‌ನಿಂದ ಆರು ವಾರ ಸ್ಟುವರ್ಟ್ ಹೆದ್ದಾರಿಯ ಒಂದು ರೋಡ್‌ಹೌಸ್. ಆಮೇಲೆ ಹತ್ತು ವಾರ ಬಾರ್ಕ್ಲಿ ಕಡೆಯ ಒಂದು ದನದ ಸ್ಟೇಷನ್.

ಸ್ಟೇಷನ್ ಅಂದಾಗ ಅವ್ವ ರೈಲ್ವೆ ಸ್ಟೇಷನ್ ಅಂದುಕೊಂಡಿದ್ದಳು. ಅಲ್ಲಿ ದನ ಸಾಕುವ ಜಾಗಕ್ಕೆ ಸ್ಟೇಷನ್ ಅಂತಾರೆ. ಬಾರ್ಕ್ಲಿಯ ಅಲೆಕ್ಸಾಂಡ್ರಿಯಾ ಸ್ಟೇಷನ್ ಒಂದೇ ಸುಮಾರು 16,000 ಚದರ ಕಿ.ಮೀ. ಇದೆ. ನಮ್ಮ ಬಾಗಲಕೋಟೆ ಜಿಲ್ಲೆಯ ಎರಡು ಪಟ್ಟಿಗೂ ಜಾಸ್ತಿ. ನಾನಿದ್ದದ್ದು ಅಷ್ಟು ದೊಡ್ಡದಲ್ಲ. ಆದರೂ ಗೇಟಿನಿಂದ ಮನೆಗೆ ಒಂದು ಗಂಟೆ ದಾರಿ.

ರೋಡ್‌ಹೌಸ್ ಅಂದರೆ ಪೆಟ್ರೋಲ್ ಬಂಕ್, ಢಾಬಾ, ಲಾಡ್ಜ್, ಬಾರ್ ಎಲ್ಲ ಒಂದೇ ಸೂರಿನಡಿ. ಡಾರ್ವಿನ್‌ನಿಂದ ಬರುವ ಬಸ್ ಬಾಗಿಲಲ್ಲೇ ಇಳಿಸುತ್ತದೆ. ಎಸಿ ಇರುವ ಪುಟ್ಟ ರೂಮು, ವೈಫೈ, ಎರಡು ದಿನಕ್ಕೆ ಕಲಿಯುವ ಕೆಲಸ. ಗಲ್ಲಾ, ಕಿಚನ್, ರೂಮಿನ ಹಾಸಿಗೆ ಬದಲಿಸುವುದು, ಅಷ್ಟೇ. 53 ಮೀಟರ್ ಉದ್ದದ ರೋಡ್ ಟ್ರೇನ್, ಅಂದರೆ ಸಾಲಾಗಿ ಟ್ರೇಲರ್ ಎಳೆಯುವ ಲಾರಿ, ಬಂದು ನಿಂತರೆ ಮೊದಲ ವಾರ ಬಾಯಿ ತೆರೆದು ನೋಡುತ್ತಿದ್ದೆ. ಎರಡನೇ ವಾರ ತಲೆ ಎತ್ತಲಿಲ್ಲ. ಕ್ಯಾರವಾನ್ ಎಳೆದುಕೊಂಡು ಬರುವ ರಿಟೈರ್ ಆದ ಗಂಡ ಹೆಂಡತಿ ದಿನಕ್ಕೆ ನೂರು ಜೋಡಿ. ಎಲ್ಲರದ್ದೂ ಮೂರೇ ನಿಮಿಷದ ಮಾತು: ಮುಂದಿನ ಬಂಕ್ ಎಷ್ಟು ದೂರ, ಟಾಯ್ಲೆಟ್ ಎಲ್ಲಿ, ನೀನು ಯಾವ ದೇಶ.

ಸಂಬಳ ಕಾಗದದಲ್ಲಿ ರೋಡ್‌ಹೌಸಿನದ್ದೇ ಚೆಂದ. 2025ರ ಜುಲೈನಿಂದ ದೇಶದ ಕನಿಷ್ಠ ಕೂಲಿ ಗಂಟೆಗೆ 24.95 ಡಾಲರ್ ಇತ್ತು. ಕ್ಯಾಶುವಲ್, ಅಂದರೆ ಕಾಯಂ ಅಲ್ಲದ ಕೆಲಸಕ್ಕೆ ಅದರ ಮೇಲೆ ಶೇ. 25. ಭಾನುವಾರ ಇನ್ನೂ ಜಾಸ್ತಿ ಬರಬೇಕು. ನನ್ನ ಮೊದಲ ಎರಡು ಪೇಸ್ಲಿಪ್‌ನಲ್ಲಿ ಭಾನುವಾರವೂ ಸೋಮವಾರದ ರೇಟಿನಲ್ಲೇ ಇತ್ತು. ಗಂಟೆಗಳನ್ನು ಡೈರಿಯಲ್ಲಿ ಬರೆದಿಟ್ಟಿದ್ದೆ, ತೋರಿಸಿದೆ. ಮೂರು ವಾರ ಬಿಟ್ಟು ದುಡ್ಡು ಬಂತು, ಕೊಟ್ಟವರ ಮುಖ ಗಂಟಾಯಿತು. ಅದರ ಮೇಲೆ ರೂಮು ಬಾಡಿಗೆ ಕಟ್, ಸಂಜೆ ಕೂತಲ್ಲೇ ಚಿಪ್ಸು, ಐಸ್‌ಕ್ರೀಮು. ಸ್ಟೇಷನ್ನಲ್ಲಿ ಊಟ, ಹಾಸಿಗೆ ಅವರದ್ದೇ, ಹಾಗಾಗಿ ಕೈಗೆ ಕೊಡುವ ಸಂಬಳ ಕಡಿಮೆ. ಆದರೆ ಹತ್ತು ವಾರದಲ್ಲಿ ಪರ್ಸ್ ಎಲ್ಲಿಟ್ಟೆ ಅನ್ನೋದೇ ಮರೆತುಹೋಗಿತ್ತು. ವಾರದ ಲೆಕ್ಕಕ್ಕೆ ಉಳಿದದ್ದು ಅಲ್ಲೇ ಜಾಸ್ತಿ.

ಕುದುರೆ ಹತ್ತಿ ದನ ಅಟ್ಟುವ ಕನಸು ಇದ್ದರೆ ಸ್ವಲ್ಪ ತಡೀರಿ. ದನ ಒಟ್ಟು ಮಾಡುವಾಗ ಮೇಲಿಂದ ಎರಡು ಸೀಟಿನ ಹೆಲಿಕಾಪ್ಟರ್, ಹಿಂದೆ ಬೈಕು, ಕುದುರೆ. ಅದೆಲ್ಲ ಪಳಗಿದವರ ಕೆಲಸ, ಅವರಿಗೆ ಅಲ್ಲಿ 'ರಿಂಗರ್' ಅಂತಾರೆ. ಹೊಸಬರಿಗೆ ಸಿಗೋದು ಬೋರ್ ರನ್. ಪಿಕಪ್ ಹತ್ತಿ ಒಂದೊಂದೇ ಬೋರ್‌ವೆಲ್ಲಿಗೆ ಹೋಗಿ ಟ್ಯಾಂಕ್, ತೊಟ್ಟಿ ನೋಡಿ ಬರೋದು. ನನ್ನ ಸುತ್ತು 140 ಕಿ.ಮೀ. ನೀರಸ ಅನ್ನಿಸುತ್ತೆ, ಅಲ್ವಾ? ಸೆಪ್ಟೆಂಬರ್ ಕೊನೆಗೆ ಬಿಸಿಲು 40ರ ಹತ್ತಿರ. ಒಂದು ದನ ದಿನಕ್ಕೆ 50 ಲೀಟರ್‌ಗೂ ಜಾಸ್ತಿ ಕುಡಿಯುತ್ತದೆ. ನೀರು ನಿಂತರೆ ಕಥೆ ಮುಗಿಯಿತು.

ಒಂದು ಬೆಳಿಗ್ಗೆ ಮೂರನೇ ತೊಟ್ಟಿಯಲ್ಲಿ, ತುಂಬಿದ ಮೇಲೆ ನೀರು ನಿಲ್ಲಿಸುವ ಫ್ಲೋಟಿನ ಕಡ್ಡಿ ಮುರಿದು ನೀರು ಸುಮ್ನೆ ಹರಿದುಹೋಗುತ್ತಿತ್ತು. ಟ್ಯಾಂಕ್ ತಳ ಕಂಡಿತ್ತು. ಮುನ್ನೂರು ದನ ಕೆಸರಿನಲ್ಲಿ ನಿಂತು ನನ್ನನ್ನೇ ನೋಡುತ್ತಿದ್ದವು. ವಾಲ್ವ್ ಮುಚ್ಚಿದೆ, ಬೇಲಿ ತಂತಿ ಕತ್ತರಿಸಿ ಕಡ್ಡಿಗೆ ಸುತ್ತಿದೆ, ಪಂಪ್ ಚಾಲೂ ಮಾಡಿದೆ. ತೊಟ್ಟಿ ಅರ್ಧ ತುಂಬುವ ತನಕ ಅಲ್ಲೇ ಕೂತಿದ್ದೆ. ರೇಡಿಯೋದಲ್ಲಿ ಹೇಳಿದಾಗ ನನ್ನ ಬಾಸ್ 'ಸರಿ' ಅಂದ, ಅಷ್ಟೇ. ಸಂಜೆ ತಾನೇ ಹೋಗಿ ನೋಡಿ ಬಂದ. ಮರುದಿನ ನನ್ನ ಪಟ್ಟಿಗೆ ಇನ್ನೂ ಎರಡು ಬೋರ್ ಸೇರಿದ್ದವು. ರೋಡ್‌ಹೌಸಿನಲ್ಲಿ ಆರು ವಾರ ಒಳ್ಳೆ ಕೆಲಸ ಮಾಡಿದರೂ ಯಾರೂ ಏನನ್ನೂ ನನ್ನ ಕೈಗೆ ಬಿಟ್ಟಿರಲಿಲ್ಲ.

ದನಗಳ ವಿಷಯ. ಹೆಚ್ಚಿನವು ಬ್ರಾಹ್ಮನ್ ತಳಿ. ಹಿಣಿಲು, ಜೋತ ಕಿವಿ, ಇಳಿಬಿದ್ದ ಗಂಗೆದೊಗಲು, ಥೇಟ್ ನಮ್ಮ ಹಟ್ಟಿಯವು. ಅಮೆರಿಕದವರು ಗಿರ್, ಗುಜರಾತಿನ ಕಾಂಕ್ರೇಜ್, ನೆಲ್ಲೂರು ತಳಿಗಳ ಜೊತೆ ನಮ್ಮ ಕೃಷ್ಣಾ ಕಣಿವೆ ತಳಿಯನ್ನೂ ಸೇರಿಸಿ ಇದನ್ನು ಮಾಡಿದ್ದು. ಬಿಸಿಲು ತಡೆಯುತ್ತದೆ, ಉಣ್ಣಿ ಹುಳದ ಕಾಟ ಕಡಿಮೆ ಅಂತ 1933ರಲ್ಲಿ ಆಸ್ಟ್ರೇಲಿಯಾಕ್ಕೆ ತಂದರು. ಅಜ್ಜ ಹೊಲಕ್ಕೆ ಕಟ್ಟಿದ್ದು ಅದೇ ಕೃಷ್ಣಾ ಕಣಿವೆ ಎತ್ತು! ರಾತ್ರಿ ಊಟದ ಟೇಬಲ್ಲಿನಲ್ಲಿ ಹುರುಪಿನಿಂದ ಇದನ್ನೆಲ್ಲ ಹೇಳಿದೆ. ಉಪ್ಪು ಈ ಕಡೆ ದಾಟಿಸು ಅಂದರು. ಅವರ ತಟ್ಟೆಯಲ್ಲಿದ್ದದ್ದು ಅದೇ ದನದ ಮಾಂಸ. ನನಗೆ ಮೊಟ್ಟೆ, ಡಬ್ಬಿ ಬೀನ್ಸು, ನಾನೇ ಕುಟ್ಟಿದ ಶೇಂಗಾ ಚಟ್ನಿ. ತರಕಾರಿ ತಿನ್ನೋರಿಗೆ ಎರಡೂ ಕಡೆ ಕಷ್ಟವೇ. ಆದರೆ ಸ್ಟೇಷನ್ ಅಡುಗೆಯಾಕೆ ಕೇಳಿ ಮಾಡಿಕೊಡುತ್ತಿದ್ದಳು.

ಒಂದು ಮಾತು ಮುಚ್ಚಿಡಲ್ಲ. ಕರುಗಳಿಗೆ ಬರೆ ಹಾಕಿ ಕೊಂಬು ಕತ್ತರಿಸುವ ವಾರ ಇರುತ್ತದೆ. ಸುಟ್ಟ ಕೂದಲಿನ ವಾಸನೆ, ಇಡೀ ದಿನ ಅಂಬಾ ಅನ್ನುವ ಕೂಗು. ಎರಡನೇ ದಿನ ನನಗೆ ಊಟ ಸೇರಲಿಲ್ಲ. 'ಅವಕ್ಕ ಹೆಸರೇನ ಇಟ್ಟಾರ?' ಅಂತ ಅವ್ವ ಅವತ್ತೇ ಫೋನಿನಲ್ಲಿ ಕೇಳಿದ್ದಳು. ಕಿವಿಯಲ್ಲಿ ನಂಬರ್ ಇದೆ ಅಂದೆ. ಅವಳು ಮಾತು ಬದಲಿಸಿದಳು.

ಮತ್ತೆ ಹೋಗು ಅಂದರೆ ನಾನು ಸ್ಟೇಷನ್ನಿಗೇ ಹೋಗುತ್ತೇನೆ, ಮೇ ತಿಂಗಳಲ್ಲಿ. ನವೆಂಬರ್ ದಾಟಿದರೆ ಮಳೆಗೆ ಮಣ್ಣುದಾರಿ ಮುಚ್ಚುತ್ತದೆ, ಕೆಲಸವೂ ಕಡಿಮೆ. ರೋಡ್‌ಹೌಸಿಗೆ ಆ ತೊಂದರೆ ಇಲ್ಲ. ನನ್ನ ತಮ್ಮ ಈ ಸಲ ಲಾಟರಿಗೆ ಹೆಸರು ಕೊಟ್ಟಿದ್ದಾನೆ. ಅವನಿಗೆ ಗೇರ್ ಗಾಡಿ ಓಡಿಸಲು ಬರುವುದಿಲ್ಲ, ಐದು ನಿಮಿಷಕ್ಕೊಮ್ಮೆ ಫೋನ್ ನೋಡುತ್ತಾನೆ. ನೀನು ರೋಡ್‌ಹೌಸಿಗೇ ಹೋಗು ಅಂದಿದ್ದೇನೆ. ಗಂಟೆ ಬರೆದಿಡಲು ಒಂದು ಡೈರಿಯನ್ನೂ ಈಗಲೇ ಕೊಟ್ಟಿದ್ದೇನೆ.