ಎಸ್ಟೆಸ್ ಆಲ್ಫಾ: ಬಾಲ್ಸಾ ಮರದ ಹಳೆಯ ರಾಕೆಟ್ ಕಿಟ್, ಬೀದರಿನ ಪಡಸಾಲೆಯಲ್ಲಿ

ಬಿಚ್ಚದೇ ಉಳಿದಿದ್ದ ಹಳೆಯ ಕಾಲದ ಒಂದು ಮಾದರಿ ರಾಕೆಟ್ ಕಿಟ್ಟನ್ನು ತರಿಸಿಕೊಂಡು, ಕಳೆದ ಬೇಸಿಗೆಯಲ್ಲಿ ಬೀದರಿನ ನಮ್ಮ ಮನೆಯ ಪಡಸಾಲೆಯಲ್ಲಿ ಕುಳಿತು ಜೋಡಿಸಿದೆ. ಅಮೆರಿಕದ ಎಸ್ಟೆಸ್ ಕಂಪನಿ 1970ರ ದಶಕದಲ್ಲಿ ಮಾರುತ್ತಿದ್ದ ‘ಆಲ್ಫಾ’ ಅದು. ಹಳೆಯ ಸಾಮಾನು ಮಾರುವ ವಿದೇಶದ ವ್ಯಾಪಾರಿಯೊಬ್ಬರಿಂದ ಕೊಂಡದ್ದು. ಅಂಚೆ ಖರ್ಚು ಮತ್ತು ಸುಂಕ ಸೇರಿ 6,000 ರೂಪಾಯಿಗೂ ಮಿಕ್ಕಿತು. ಎಲ್ಲ ಮುಗಿದ ಮೇಲೆ ಕೈಗೆ ಬರುವುದು ಒಂದು ಅಡಿಗಿಂತ ತುಸು ಉದ್ದದ, ಹೆಬ್ಬೆರಳಿನಷ್ಟು ದಪ್ಪದ, ಮೂರು ರೆಕ್ಕೆಗಳ ಕಾಗದದ ಕೊಳವೆ. ಇಷ್ಟಕ್ಕೆ ಅಷ್ಟು ದುಡ್ಡೇ ಎಂದು ಮನೆಯವರು ಕೇಳಿದಾಗ ನಾನು ಸುಮ್ಮನಿದ್ದೆ.

ಹಾರಿಸಲೇಬೇಕು ಎನ್ನುವವರು ಈ ಕಿಟ್ಟಿನ ತಂಟೆಗೆ ಹೋಗದಿರುವುದು ಒಳ್ಳೆಯದು. ಪೆಟ್ಟಿಗೆಯಲ್ಲಿ ಎಂಜಿನ್ ಇರುವುದಿಲ್ಲ. ಆಲ್ಫಾಕ್ಕೆ ಬೇಕಾದದ್ದು 18 ಮಿಲಿಮೀಟರ್ ಅಡ್ಡಳತೆಯ, 70 ಮಿಲಿಮೀಟರ್ ಉದ್ದದ, ಕಪ್ಪು ಮದ್ದು ಒತ್ತಿ ತುಂಬಿದ ಎಂಜಿನ್. ಅದು ಸ್ಫೋಟಕವೆಂದು ಎಣಿಸಲ್ಪಡುವ ವಸ್ತುವಾದ್ದರಿಂದ ಸಾಮಾನ್ಯ ಅಂಚೆಯಲ್ಲಿ ಬರುವಂಥದ್ದಲ್ಲ. ಸಾಲದ್ದಕ್ಕೆ ನಮ್ಮೂರಲ್ಲಿ ವಾಯುಪಡೆಯ ನಿಲ್ದಾಣವಿದೆ. ಸೂರ್ಯಕಿರಣ್ ತಂಡದ ಹಾಕ್ ವಿಮಾನಗಳು ತಲೆಯ ಮೇಲೆ ಸಾಲುಗಟ್ಟಿ ತಿರುಗುವ ಊರಿನಲ್ಲಿ ನಿಂತು ಆಕಾಶಕ್ಕೆ ಏನನ್ನಾದರೂ ಹಾರಿಸುವ ಯೋಚನೆಯನ್ನೇ ಮಾಡಬಾರದು. ನಾನು ಕೊಂಡದ್ದು ಕಟ್ಟುವ ಸಲುವಾಗಿ. ಆದರೆ ಹಾರುವ ರಾಕೆಟ್ಟಿಗೆ ಏನೇನು ಬೇಕೋ ಅದನ್ನೆಲ್ಲ ಬಿಡದೆ ಕಟ್ಟಿದ್ದೇನೆ, ಆದ್ದರಿಂದ ಈ ವಿಮರ್ಶೆಯೂ ಆ ಅಳತೆಯಲ್ಲೇ ಇದೆ.

ಎಂಜಿನ್ ಬೇರೆ, ಒಡಲು ಬೇರೆ ಎಂಬ ಈ ಏರ್ಪಾಡು ಸುಮ್ಮನೆ ಆದದ್ದಲ್ಲ. 1957ರಲ್ಲಿ ಸ್ಪುಟ್ನಿಕ್ ಹಾರಿದ ಮೇಲೆ ಅಮೆರಿಕದ ಹುಡುಗರು ಲೋಹದ ಕೊಳವೆಗಳಿಗೆ ತಾವೇ ಮದ್ದು ತುಂಬಿ ಕೈ ಕಣ್ಣು ಕಳೆದುಕೊಳ್ಳತೊಡಗಿದ್ದರು. ಮದ್ದಿನ ಕೆಲಸ ಕಾರ್ಖಾನೆಗೆ, ಕಾಗದ ಮತ್ತು ಮರದ ಕೆಲಸ ಹುಡುಗರಿಗೆ ಎಂದು ಹಂಚಿಕೊಟ್ಟದ್ದೇ ಈ ಹವ್ಯಾಸದ ಅಡಿಪಾಯ. ವರ್ನನ್ ಎಸ್ಟೆಸ್ ಅವರು ‘ಮೇಬಲ್’ ಎಂದು ಹೆಸರಿಟ್ಟ ಯಂತ್ರವೊಂದನ್ನು ಕಟ್ಟಿ, ಕೆಲವೇ ಸೆಕೆಂಡಿಗೊಂದರಂತೆ ಎಂಜಿನ್ ತಯಾರಿಸಿದ ನಂತರ ಅದು ಎಲ್ಲರ ಕೈಗೆಟುಕಿತು. ಆದ್ದರಿಂದಲೇ ಆಲ್ಫಾದಲ್ಲಿ ಎಂಜಿನ್ ಹಿಡಿದಿಡುವ ಸಣ್ಣ ಕೊಕ್ಕೆ ಮತ್ತು ಮೂತಿಗೆ ತಿರುಗಿಸುವ ಕೊಂಡಿಯ ತಿರುಪು ಬಿಟ್ಟರೆ ಲೋಹವೇ ಇಲ್ಲ.

ಪೆಟ್ಟಿಗೆಯೊಳಗಿನ ಸಾಮಾನುಗಳಲ್ಲಿ ಕಾಲ ಕೆಡಿಸಿದ್ದು ಎರಡನ್ನು. ಮೂತಿಯನ್ನು ಒಡಲಿಗೆ ಕಟ್ಟುವ ರಬ್ಬರ್ ಪಟ್ಟಿ ಮುಟ್ಟಿದರೆ ಪುಡಿಯಾಯಿತು. ಅದರ ಬದಲಿಗೆ ದರ್ಜಿ ಅಂಗಡಿಯಿಂದ ಕಿರಿದಾದ ಎಲಾಸ್ಟಿಕ್ ತಂದು ಹಾಕಿದೆ. ಅಂಟಿಸುವ ಚಿತ್ರಗಳ ಹಾಳೆ ನೀರಿಗೆ ಬಿಟ್ಟ ಕೂಡಲೇ ಚೂರಾಯಿತು, ಅದನ್ನು ಕೈಬಿಟ್ಟೆ. 12 ಅಂಗುಲದ ಪ್ಲಾಸ್ಟಿಕ್ ಪ್ಯಾರಾಶೂಟು ಮಡಿಕೆಗಳಲ್ಲಿ ಅಂಟಿಕೊಂಡಿತ್ತಾದರೂ ಟಾಲ್ಕಂ ಪೌಡರ್ ಉದುರಿಸಿ ಬಿಡಿಸಿದರೆ ಬಂತು.

ಇನ್ನು ಬಾಲ್ಸಾ. ಈ ಕಿಟ್ಟಿಗೆ ದುಡ್ಡು ಕೊಡುವುದಾದರೆ ಇದಕ್ಕಾಗಿಯೇ ಕೊಡಬೇಕು. ಈಕ್ವೆಡಾರ್ ಕಡೆಯಿಂದ ಬರುವ ಈ ಮರ ಸಸ್ಯಶಾಸ್ತ್ರದ ಲೆಕ್ಕದಲ್ಲಿ ಗಟ್ಟಿಮರದ ಗುಂಪಿಗೆ ಸೇರಿದ್ದು, ಆದರೆ ಉಗುರು ತಾಗಿದರೆ ಗೀರು ಬೀಳುವಷ್ಟು ಮೆತ್ತಗೆ, ಅಂಗೈ ಮೇಲಿಟ್ಟರೆ ಇಟ್ಟದ್ದೇ ತಿಳಿಯದಷ್ಟು ಹಗುರ. ರೆಕ್ಕೆಗಳನ್ನು ಹಲಗೆಯ ಮೇಲೆ ಅಚ್ಚೊತ್ತಿ ಕತ್ತರಿಸಿಟ್ಟಿರುತ್ತಾರೆ. ಅಚ್ಚಿನ ಅಲಗು ಪೂರ್ತಿ ಇಳಿಯದ ಕಡೆ ಬೆರಳಿನಿಂದ ಒತ್ತಿ ಬಿಡಿಸಲು ಹೋದರೆ ಅಂಚು ಹರಿಯುತ್ತದೆ. ಹೊಸ ಬ್ಲೇಡಿನಿಂದ ಹಿಂಬದಿಯ ಗೆರೆಯನ್ನು ಮೆಲ್ಲಗೆ ಬಿಡಿಸಿಕೊಳ್ಳಬೇಕು. ಮರದ ಎಳೆ ರೆಕ್ಕೆಯ ಮುಂದಂಚಿಗೆ ಸಮಾನಾಂತರವಾಗಿ ಹೋಗಿದೆಯೇ ಎಂದು ಮೊದಲು ನೋಡಬೇಕು, ಏಕೆಂದರೆ ಎಳೆ ಒಡಲಿಗೆ ಸಮಾನಾಂತರವಾಗಿದ್ದರೆ ನೆಲಕ್ಕೆ ಬಡಿದ ಮೊದಲ ಪೆಟ್ಟಿಗೇ ರೆಕ್ಕೆ ಬುಡದಲ್ಲಿ ಸೀಳುತ್ತದೆ. ನನಗೆ ಬಂದ ಹಲಗೆಯಲ್ಲಿ ಎಳೆ ಸರಿಯಾಗಿತ್ತು. ಹಳೆಯದಾದ್ದರಿಂದ ತುಸು ಬಾಗಿತ್ತು. ಒದ್ದೆ ಬಟ್ಟೆಯಲ್ಲಿ ಒರೆಸಿ, ಎರಡು ಶಹಾಬಾದ್ ಕಲ್ಲಿನ ತುಂಡುಗಳ ನಡುವೆ ಒಂದು ರಾತ್ರಿ ಇಟ್ಟದ್ದಕ್ಕೆ ನೆಟ್ಟಗಾಯಿತು. ಇಷ್ಟು ಸಮನಾದ ಮೇಲ್ಮೈ ನಮ್ಮ ಕಡೆ ಪ್ರತಿ ಮನೆಯ ಹಿತ್ತಲಲ್ಲೂ ಬಿದ್ದಿರುತ್ತದೆ.

ಬಾಲ್ಸಾದ ಮೈಯಲ್ಲಿ ಸಣ್ಣ ಸಣ್ಣ ರಂಧ್ರಗಳ ಸಾಲುಗಳಿರುತ್ತವೆ, ಹಾಗೇ ಬಣ್ಣ ಹೊಡೆದರೆ ಅವೆಲ್ಲ ಎದ್ದು ಕಾಣುತ್ತವೆ. ಹಾರ್ಡ್‌ವೇರ್ ಅಂಗಡಿಯಲ್ಲಿ ಬಡಗಿಗಳಿಗೆಂದು ಮಾರುವ ಸ್ಯಾಂಡಿಂಗ್ ಸೀಲರನ್ನೇ ತೆಳ್ಳಗೆ ಬಳಿದು, ಒಣಗಿಸಿ, ಪಾಲಿಶ್ ಪೇಪರಿನಿಂದ ಉಜ್ಜಿ, ಮತ್ತೆ ಬಳಿಯಬೇಕು. ನಾನು ಆತುರಕ್ಕೆ ಬಿದ್ದು ಒತ್ತಿ ಉಜ್ಜುತ್ತಿದ್ದುದನ್ನು ಕಂಡ ಪಕ್ಕದ ಮನೆಯ ಕಾಕಾ, ಬಿದರಿ ಪಾತ್ರೆಗಳಿಗೆ ಅರ ಹಿಡಿದೇ ವಯಸ್ಸು ಕಳೆದವರು, “ಒತ್ತಬ್ಯಾಡಪ್ಪ, ಕಾಗದಾನೇ ಕೆಲಸ ಮಾಡ್ತದ” ಎಂದರು. ಆಮೇಲೆ ಉಜ್ಜಿದ ಎರಡು ರೆಕ್ಕೆಗಳಿಗೂ ಮೊದಲು ಉಜ್ಜಿದ ಒಂದಕ್ಕೂ ಇರುವ ವ್ಯತ್ಯಾಸ ಈಗಲೂ ಬೆರಳಿಗೆ ತಿಳಿಯುತ್ತದೆ. ಮೂತಿಯೂ ಬಾಲ್ಸಾದ್ದೇ. ಅದರ ತುದಿಯಲ್ಲಿ ಮರದ ಅಡ್ಡಕೊಯ್ತ ಮೇಲೆ ಬರುವುದರಿಂದ ಅಲ್ಲಿ ಸೀಲರ್ ಎಷ್ಟು ಕೊಟ್ಟರೂ ಕುಡಿಯುತ್ತಲೇ ಇತ್ತು.

ಜೋಡಣೆಯ ಸೂಚನೆಗಳು ಚಿತ್ರಸಹಿತ, ಸ್ಪಷ್ಟ. ಕೊಳವೆಯ ಮೇಲೆ ರೆಕ್ಕೆಯ ನೇರ ಗೆರೆ ಎಳೆಯಲು ಬಾಗಿಲ ಚೌಕಟ್ಟಿನ ಮೂಲೆಗೆ ಒರಗಿಸುವುದು ಈ ಹವ್ಯಾಸದವರ ಹಳೆಯ ರೂಢಿ. ನಮ್ಮ ಹಳೆಯ ಮನೆಯ ಚೌಕಟ್ಟನ್ನು ನಂಬಲಾಗದೆ ಕಿಟಕಿಯ ಅಲ್ಯುಮಿನಿಯಂ ಚಾನೆಲ್ ಬಳಸಿದೆ. ಅಂಟಿಗೆ ಫೆವಿಕಾಲ್ ಸಾಕು. ರೆಕ್ಕೆಯ ಬುಡಕ್ಕೆ ಒಮ್ಮೆ ಹಚ್ಚಿ, ಆರಲು ಬಿಟ್ಟು, ಮತ್ತೊಮ್ಮೆ ಹಚ್ಚಿ ಕೂಡಿಸಿದರೆ ಬೇಗ ಹಿಡಿಯುತ್ತದೆ, ಮತ್ತು ಆ ಬೆಸುಗೆ ಮರಕ್ಕಿಂತ ಗಟ್ಟಿ. ಎಂಜಿನ್ ಕೂರುವ ಒಳಕೊಳವೆಯನ್ನು ತೂರಿಸುವಾಗ ಮಾತ್ರ ನಡುವೆ ನಿಲ್ಲಬಾರದು: ಅಂಟಿನ ನೀರಿಗೆ ಕಾಗದ ಉಬ್ಬಿ ಇದ್ದಲ್ಲೇ ಕಚ್ಚಿಕೊಳ್ಳುತ್ತದೆ. ಬೀದರಿನ ಬೇಸಿಗೆಯ ಒಣ ಗಾಳಿಯಲ್ಲಿ, ಮೇಲೆ ಫ್ಯಾನೂ ತಿರುಗುತ್ತಿದ್ದರೆ, ಸಿಗುವ ಅವಕಾಶ ಇನ್ನೂ ಕಡಿಮೆ. ಫ್ಯಾನ್ ಆರಿಸಿ, ಬೆವರು ಒರೆಸಿಕೊಂಡು, ಒಂದೇ ಬೀಸಿನಲ್ಲಿ ತಳ್ಳಿದೆ.

ಕೊನೆಯ ಪರೀಕ್ಷೆಯಲ್ಲಿ ಸೋತೆ. ರಾಕೆಟ್ ನೆಟ್ಟಗೆ ಹಾರಬೇಕಾದರೆ ಅದರ ತೂಕದ ಕೇಂದ್ರ ಗಾಳಿಯ ಒತ್ತಡದ ಕೇಂದ್ರಕ್ಕಿಂತ ಮೂತಿಯ ಕಡೆಗಿರಬೇಕು. ತೂಕ ಸಮನಾಗುವ ಜಾಗಕ್ಕೆ ದಾರ ಕಟ್ಟಿ, ತಲೆಯ ಮೇಲೆ ಸುತ್ತ ಬೀಸಿದರೆ ಅದು ಮೂತಿ ಮುಂದಾಗಿ ಸಾಗಬೇಕು. ಬಿ6-4 ಎಂಬ ಎಂಜಿನ್ ಸುಮಾರು 20 ಗ್ರಾಂ ತೂಗುತ್ತದೆ (6 ಎಂದರೆ ಸರಾಸರಿ ನೂಕುಬಲ 6 ನ್ಯೂಟನ್, 4 ಎಂದರೆ ಮದ್ದು ಉರಿದಾದ ಮೇಲೆ ಪ್ಯಾರಾಶೂಟು ಚಿಮ್ಮಲು 4 ಸೆಕೆಂಡು ತಡ). ಅಷ್ಟೇ ತೂಕದ ಮರಳನ್ನು ಕಾಗದದ ಸುರುಳಿಗೆ ತುಂಬಿ, ಎಂಜಿನ್ ಜಾಗದಲ್ಲಿಟ್ಟು ಮಾಳಿಗೆಯ ಮೇಲೆ ಬೀಸಿದರೆ ರಾಕೆಟ್ ಅಡ್ಡಡ್ಡಲಾಗಿ ಹೊರಳಿತು. ತಪ್ಪು ಕಿಟ್ಟಿನದಲ್ಲ, ನನ್ನದು: ರೆಕ್ಕೆಗಳು ಗಾಜಿನಂತಾಗಲೆಂದು ಆರು ಸಲ ಬಳಿದ ಸೀಲರ್, ಬುಡಕ್ಕೆ ಧಾರಾಳವಾಗಿ ಮೆತ್ತಿದ ಅಂಟು, ಎಲ್ಲವೂ ಬಾಲದಲ್ಲೇ ಕುಳಿತಿದ್ದವು. ಬಾಲ್ಸಾ ಉಳಿಸಿಕೊಟ್ಟ ತೂಕವನ್ನು ನಾನೇ ಬಳಿದು ವಾಪಸು ತುಂಬಿದ್ದೆ. ಮೂತಿಯ ತಳದಲ್ಲಿ ತೂತು ಕೊರೆದು ಮೀನಿನ ಗಾಳಕ್ಕೆ ಕಟ್ಟುವ ಸೀಸದ ಎರಡು ಗುಂಡುಗಳನ್ನು ಹುದುಗಿಸಿದ ಮೇಲೆ, ದಾರದ ಗಂಟನ್ನು ಹೊಸ ಜಾಗಕ್ಕೆ ಸರಿಸಿ ಬೀಸಿದೆ, ನೆಟ್ಟಗೆ ಸುತ್ತಿತು.

ಸೀಲರ್ ಮತ್ತು ಪಾಲಿಶ್ ಪೇಪರಿನೊಂದಿಗೆ ಮೂರು ವಾರಗಳ ಸಂಜೆ ಕಳೆಯುವ ಮನಸ್ಸಿದ್ದವರಿಗೆ ಈ ಹಳೆಯ ಆಲ್ಫಾ ಕೊಟ್ಟ ದುಡ್ಡಿಗೆ ಮೋಸವಿಲ್ಲ. ಮಕ್ಕಳ ಕೈಗೆ ಕೊಡುವುದಾದರೆ ರೆಕ್ಕೆಗಳು ಪ್ಲಾಸ್ಟಿಕ್ಕಿನಲ್ಲೇ ಬರುವ ‘ಆಲ್ಫಾ 3’ ಸಾಕು. ಅದರಲ್ಲಿ ಉಜ್ಜುವ ಕೆಲಸವಿಲ್ಲ. ನನ್ನದಕ್ಕೆ ಬಣ್ಣವೊಂದು ಬಾಕಿ ಇದೆ. ಮಳೆಗಾಲದ ತೇವದಲ್ಲಿ ಸ್ಪ್ರೇ ಹೊಡೆದರೆ ಮೇಲೆ ಬಿಳಿ ಮಸುಕು ಕೂರುತ್ತದಾದ್ದರಿಂದ, ದೀಪಾವಳಿಯವರೆಗೆ ಅದು ಕಪಾಟಿನ ಮೇಲೆ ಮರದ ಬಣ್ಣದಲ್ಲೇ ನಿಂತಿರುತ್ತದೆ.