16 ತಿಂಗಳು ನೈಟ್ ಗಾರ್ಡ್ ಹಾಕಿಕೊಂಡು ಮಲಗಿದ ಮೇಲೆ

ಬಿಸಿನೀರಲ್ಲಿ ಅದ್ದಿ, ಮೆತ್ತಗಾದ ಮೇಲೆ ಕಚ್ಚಿ ಅಚ್ಚು ಮಾಡಿಕೊಳ್ಳುವ ಅಗ್ಗದ ನೈಟ್ ಗಾರ್ಡ್ (ನಿದ್ದೆಯಲ್ಲಿ ಹಲ್ಲು ಕಡಿಯುವವರು ಹಲ್ಲಿಗೆ ಹಾಕಿಕೊಳ್ಳುವ ಕವಚ) ತಗೊಳ್ಳಬಹುದಾ ಅಂತ ಕೇಳುವವರಿಗೆ ನನ್ನ ಉತ್ತರ: ತಗೊಳ್ಳಿ. ಆದರೆ ದವಡೆ ನೋವು ಹೋಗುತ್ತೆ ಅಂತ ತಗೊಳ್ಳಬೇಡಿ. ಪೊಟ್ಟಣದ ಮೇಲೆ ಹಾಗೇ ಬರೆದಿತ್ತು, ನಾನೂ ನಂಬಿದ್ದೆ.

ನನಗೆ ಶುರುವಾಗಿದ್ದು ಕಿವಿನೋವಿನಿಂದ. ಬೆಳಿಗ್ಗೆ ಏಳುವಾಗ ಎಡಗಿವಿಯ ಒಳಗೆ ಮಂದವಾದ ನೋವು, ಕಣತಲೆ ಹಿಡಿದುಕೊಂಡಂತೆ. ಕಿವಿ ನೋಡಿದ ಡಾಕ್ಟರು ಒಳಗೆ ಏನೂ ಇಲ್ಲ ಅಂದರು. ಕಿವಿಯ ಮುಂದೆ ಬೆರಳಿಟ್ಟು ಬಾಯಿ ತೆರೆಯಲು ಹೇಳಿದರು. ‘ಕಟ್’ ಅಂತು. ಅದೇ ವಾರ ನನ್ನ ಕೋಣೆಯಲ್ಲೇ ಮಲಗುವ ತಂಗಿ, "ಅಕ್ಕಾ, ರಾತ್ರಿಯೆಲ್ಲ ಏನೇ ಅದು ಅಗೀತಿರ್ತೀಯ? ಕಲ್ಲಿನ ಮೇಲೆ ಕಲ್ಲು ಎಳೆದ ಹಾಗೆ ಸದ್ದು" ಅಂದಳು. ದಂತವೈದ್ಯೆ ಕೈಗನ್ನಡಿ ಕೊಟ್ಟು ತೋರಿಸಿದರು: ಕೋರೆಹಲ್ಲಿನ ತುದಿ ಚಪ್ಪಟೆ, ನಾಲಿಗೆಯ ಅಂಚಿನಲ್ಲಿ ಹಲ್ಲಿನ ಅಚ್ಚು, ಕೆನ್ನೆಯ ಒಳಗೆ ಉದ್ದಕ್ಕೂ ಒಂದು ಬಿಳಿ ಗೆರೆ.

ಆ ‘ಕಟ್’ ಸದ್ದಿಗೆ ನಾನು ಹೆದರಿದ್ದೆ. ದವಡೆ ಕೀಲು ಬರೀ ಬಾಗಿಲಿನ ತಿರುಗಣಿಯಂತಲ್ಲ. ಬಾಯಿ ಸ್ವಲ್ಪ ತೆರೆಯುವಾಗ ತಿರುಗುತ್ತೆ, ದೊಡ್ಡದಾಗಿ ತೆರೆದರೆ ಮುಂದಕ್ಕೆ ಜಾರುತ್ತೆ. ಎರಡು ಮೂಳೆಗಳ ನಡುವೆ ಒಂದು ಮೆತ್ತನೆಯ ಬಿಲ್ಲೆ ಇರುತ್ತೆ. ಅದು ಜಾಗದಿಂದ ಕೊಂಚ ಸರಿದಿದ್ದರೆ ಬಾಯಿ ತೆರೆಯುವಾಗ ಮತ್ತೆ ಜಾಗಕ್ಕೆ ಬರುತ್ತಾ ಸದ್ದು ಮಾಡುತ್ತೆ. ನೋವಿಲ್ಲದೆ ಬರೀ ಸದ್ದಿದ್ದರೆ ಚಿಕಿತ್ಸೆಯೇ ಬೇಡವಂತೆ. ನನ್ನ ನೋವು ಹೆಚ್ಚಾಗಿ ಸ್ನಾಯುವಿನದು. ಹಲ್ಲು ಕಚ್ಚಿದಾಗ ಕೆನ್ನೆಯಲ್ಲಿ ಗಟ್ಟಿಯಾಗಿ ಉಬ್ಬುತ್ತಲ್ಲ, ಅದನ್ನು ಒತ್ತಿದರೆ ಕಣ್ಣಲ್ಲಿ ನೀರು ಬರುತ್ತಿತ್ತು.

ಈಗ ಗಾರ್ಡಿನ ಕತೆ. ಮೊದಲನೆಯದನ್ನು ನಾನೇ ಹಾಳು ಮಾಡಿದೆ. ಇಷ್ಟೇ ಸೆಕೆಂಡು ಅಂತ ಸೂಚನೆಯಲ್ಲಿ ಬರೆದಿದ್ದರೂ ಇನ್ನೂ ಸ್ವಲ್ಪ ಇರಲಿ ಅಂತ ಕುದಿಯುವ ನೀರಲ್ಲೇ ಬಿಟ್ಟೆ. ತೆಗೆದು ನೋಡಿದರೆ ಒಣಗಿದ ಎಲೆಯಂತೆ ಮುದುರಿಕೊಂಡಿತ್ತು. ಎರಡನೆಯದಕ್ಕೆ ಬುದ್ಧಿ ಬಂತು. ಬಿಸಿನೀರಿಗೆ ಹಾಕುವ ಮೊದಲೇ ಬಾಯಲ್ಲಿಟ್ಟು ನೋಡಿ, ಒಸಡಿಗೆ ಚುಚ್ಚುವ ಕಡೆ ಕತ್ತರಿಯಲ್ಲಿ ಕತ್ತರಿಸಿದೆ. ಆಮೇಲೆ ಸೆಕೆಂಡು ಎಣಿಸಿ ನೀರಿಂದ ತೆಗೆದು, ಕನ್ನಡಿ ಮುಂದೆ ನಿಂತು ಹದವಾಗಿ ಕಚ್ಚಿದೆ. ಹೊರಗಿನಿಂದ ಬೆರಳಲ್ಲಿ, ಒಳಗಿನಿಂದ ನಾಲಿಗೆಯಲ್ಲಿ ಒತ್ತಿ, ಗಾಳಿ ಹೀರಿಕೊಂಡು ತಣ್ಣೀರಿಗೆ ಹಾಕಿದೆ. ಬಲವಾಗಿ ಕಚ್ಚಿಬಿಟ್ಟರೆ ದವಡೆ ಹಲ್ಲಿನ ಕೆಳಗೆ ಕಾಗದದಷ್ಟು ತೆಳುವಾಗಿ ಉಳಿಯುತ್ತೆ. ಇದೊಂದು ತಪ್ಪು ಮಾಡದಿದ್ದರೆ ಅರ್ಧ ಕೆಲಸ ಆದಂತೆ.

ಮೊದಲ ವಾರ ಜೊಲ್ಲು. ಮೂರನೇ ರಾತ್ರಿ ನಿದ್ದೆಗಣ್ಣಲ್ಲೇ ಕಿತ್ತು ಎಸೆದಿದ್ದೆ, ಬೆಳಿಗ್ಗೆ ದಿಂಬಿನ ಕೆಳಗೆ ಸಿಕ್ಕಿತು. ಎರಡು ವಾರಕ್ಕೆ ರೂಢಿಯಾಯಿತು.

ತಿಂಗಳು ಕಳೆದ ಮೇಲೆ ಬೆಳಕಿಗೆ ಹಿಡಿದು ನೋಡಿದರೆ ಎಡ ದವಡೆಯ ಕಡೆ ಗುಳಿ ಬಿದ್ದು ಹೊಳೆಯುತ್ತಿತ್ತು. ಐದನೇ ತಿಂಗಳಿಗೆ ಅಲ್ಲೇ ತೂತು, ನನ್ನ ಕಿರುಬೆರಳಿನ ಉಗುರು ತೂರುವಷ್ಟು. ಗಾರ್ಡ್ ಇಲ್ಲದಿದ್ದರೆ ಆ ಉಜ್ಜಾಟವೆಲ್ಲ ಎನಾಮೆಲ್ (ಹಲ್ಲಿನ ಹೊರಗಿನ ಗಟ್ಟಿ ಪದರ) ಮೇಲೆ ಬೀಳುತ್ತಿತ್ತು, ಎನಾಮೆಲ್ ಒಮ್ಮೆ ಹೋದರೆ ಮತ್ತೆ ಬೆಳೆಯಲ್ಲ. ಹಲ್ಲು ಉಳಿಸಿದ ಲೆಕ್ಕದಲ್ಲಿ ಕೊಟ್ಟ ದುಡ್ಡು ಅವತ್ತೇ ವಸೂಲಾಯಿತು. ನೋವಿನ ಲೆಕ್ಕ ಬೇರೆ. ಮೊದಲ ತಿಂಗಳು ಕಮ್ಮಿಯಾದಂತೆ ಅನಿಸಿ, ಮತ್ತೆ ವಾಪಸ್ ಬಂತು. ಮೆತ್ತನೆಯ ಗಾರ್ಡನ್ನು ಕೆಲವರು ನಿದ್ದೆಯಲ್ಲಿ ಚೂಯಿಂಗ್ ಗಮ್ ಥರ ಅಗಿಯುತ್ತಾರಂತೆ. ಆ ಕೆಲವರಲ್ಲಿ ನಾನೂ ಒಬ್ಬಳು.

ನೋವು ಇಳಿಸಿದ್ದು ಒಂದು ಕಾಸೂ ಖರ್ಚಿಲ್ಲದ ಕೆಲಸ. ಹಗಲಲ್ಲಿ ನಾನು ಹಲ್ಲು ಕಚ್ಚುತ್ತೀನಿ ಅಂತ ದಂತವೈದ್ಯೆ ಹೇಳಿದಾಗ ಒಪ್ಪಿರಲಿಲ್ಲ. ಫೋನಿನಲ್ಲಿ ಗಂಟೆಗೊಂದು ಬೆಲ್ ಇಟ್ಟುಕೊಂಡೆ. ಬೆಲ್ ಹೊಡೆದಾಗ ಹಲ್ಲು ಎಲ್ಲಿದೆ ಅಂತ ನೋಡೋದು, ಅಷ್ಟೇ. ಮೊದಲ ದಿನ 10 ಬೆಲ್ಲಿನಲ್ಲಿ 8 ಸಲ ಅವುಡುಗಚ್ಚಿ ಕೂತಿದ್ದೆ. ಸಿಟ್ಟೇನೂ ಇರಲಿಲ್ಲ, ಕಂಪ್ಯೂಟರಿನಲ್ಲಿ ಲೆಕ್ಕ ತುಂಬುತ್ತಿದ್ದೆ ಅಷ್ಟೇ. ಅಗಿಯುವಾಗ, ನುಂಗುವಾಗ ಬಿಟ್ಟರೆ ಮೇಲಿನ ಹಲ್ಲು ಕೆಳಗಿನ ಹಲ್ಲಿಗೆ ತಾಗುವ ಅಗತ್ಯವೇ ಇಲ್ಲ. ಸುಮ್ಮನಿದ್ದಾಗ ನಡುವೆ 2ರಿಂದ 4 ಮಿಲಿಮೀಟರ್ ಸಂದು ಇರಬೇಕು. ‘ಮ್’ ಅಂದು ನೋಡಿ: ತುಟಿ ಮುಚ್ಚಿರುತ್ತೆ, ಹಲ್ಲು ಬಿಟ್ಟಿರುತ್ತೆ. ‘ನ’ ಅನ್ನಲು ಹೊರಟಾಗ ನಾಲಿಗೆ ತುದಿ ಎಲ್ಲಿ ನಿಲ್ಲುತ್ತೋ ಅಲ್ಲೇ ಬಿಡಿ. ದವಡೆಗೆ ಅದೇ ವಿಶ್ರಾಂತಿ. ಎರಡು ತಿಂಗಳಿಗೆ 10ಕ್ಕೆ 3 ಸಲಕ್ಕೆ ಬಂತು. ಕಣತಲೆ ನೋವು ನಿಂತಿದ್ದು ಆಗಲೇ.

ಜೊತೆಗೆ ಮಲಗುವ ಮುಂಚೆ ಬಿಸಿನೀರಲ್ಲಿ ಹಿಂಡಿದ ಬಟ್ಟೆಯನ್ನು ಎರಡೂ ಕೆನ್ನೆಗೆ 15–20 ನಿಮಿಷ ಇಡುತ್ತಿದ್ದೆ. ಆರಿದಂತೆ ಮತ್ತೆ ಅದ್ದಬೇಕು, ಬೇಜಾರಿನ ಕೆಲಸ, ಆದರೆ ಹಿತ. ನಾಲಿಗೆಯನ್ನು ಅಂಗುಳಿಗೆ ಒತ್ತಿ ಹಿಡಿದು ಬಾಯನ್ನು ನಿಧಾನಕ್ಕೆ ತೆರೆದು ಮುಚ್ಚುವ ವ್ಯಾಯಾಮ, ಒಂದು ಸಲಕ್ಕೆ 6 ಬಾರಿ. ಚೂಯಿಂಗ್ ಗಮ್ ಬಿಟ್ಟೆ. ಆಕಳಿಸುವಾಗ ಗಲ್ಲದ ಕೆಳಗೆ ಮುಷ್ಟಿ ಕೊಡುತ್ತೀನಿ. ಬೋರಲಾಗಿ ಮಲಗುವ ಅಭ್ಯಾಸ ಮಾತ್ರ ಇನ್ನೂ ಹೋಗಿಲ್ಲ. ತೀರಾ ನೋವಿದ್ದ ಎರಡು ಸಲ ಡಾಕ್ಟರನ್ನು ಕೇಳಿ ಮೂರ್ನಾಲ್ಕು ದಿನ ನೋವಿನ ಮಾತ್ರೆ ಐಬುಪ್ರೊಫೇನ್ ತಗೊಂಡೆ. ಹೊಟ್ಟೆಹುಣ್ಣು, ಕಿಡ್ನಿ ತೊಂದರೆ ಇರುವವರು ಕೇಳದೆ ಮುಟ್ಟಬೇಡಿ.

ದುಡ್ಡು ದಂಡ ಆಗಿದ್ದೂ ಇದೆ. ದವಡೆ ಗಟ್ಟಿ ಮಾಡುವ ರಬ್ಬರ್ ಉಂಡೆ ತರಿಸಿದ್ದೆ. ಮೊದಲೇ ಅತಿಯಾಗಿ ದುಡಿದ ಸ್ನಾಯುವಿಗೆ ಇನ್ನಷ್ಟು ದುಡಿತ ಕೊಟ್ಟೆ, ಎರಡೇ ದಿನಕ್ಕೆ ಬಾಯಿ ತೆರೆಯಲಾಗದಂತಾಯಿತು. ಮುಂದಿನ ಹಲ್ಲಿಗಷ್ಟೇ ಹಾಕುವ ಪುಟ್ಟ ಗಾರ್ಡ್ ಕೂಡ ಸಿಗುತ್ತೆ. ಅದನ್ನು ವೈದ್ಯರ ನಿಗಾ ಇಲ್ಲದೆ ತಿಂಗಳುಗಟ್ಟಲೆ ಹಾಕಿದರೆ ಹಿಂದಿನ ಹಲ್ಲು ಏರಿ ಕಚ್ಚುವ ರೀತಿಯೇ ಬದಲಾಗಬಹುದು, ಹಾಗಾಗಿ ನಾನು ಕೊಳ್ಳಲಿಲ್ಲ. ಒಂದು ಕ್ಲಿನಿಕ್ಕಿನಲ್ಲಂತೂ ಕಚ್ಚುವಿಕೆ ಸರಿಯಿಲ್ಲ, ನಾಲ್ಕು ಹಲ್ಲನ್ನು ಉಜ್ಜಿ ಸಮ ಮಾಡೋಣ ಅಂದರು. ಉಜ್ಜಿದ ಹಲ್ಲು ವಾಪಸ್ ಬರುತ್ತಾ? ಎದ್ದು ಬಂದೆ. ಸ್ನಾಯು ಸಡಿಲ ಮಾಡುವ ಬೊಟಾಕ್ಸ್ ಚುಚ್ಚುಮದ್ದಿನ ಮಾತೂ ಬಂತು. ಕೆಲವೇ ತಿಂಗಳಲ್ಲಿ ಪರಿಣಾಮ ಇಳಿದು ಮತ್ತೆ ಚುಚ್ಚಿಸಬೇಕಾದ್ದು ಅಗ್ಗದ ದಾರಿ ಅಲ್ಲ.

ಅದರ ನಂತರ ತಂದ ಮೂರನೇ ಮೆತ್ತನೆಯ ಗಾರ್ಡೂ ಐದೇ ತಿಂಗಳಿಗೆ ತೂತಾದಾಗ ದಂತ ವೈದ್ಯಕೀಯ ಕಾಲೇಜಿನ ಆಸ್ಪತ್ರೆಗೆ ಹೋದೆ. ವಿದ್ಯಾರ್ಥಿಗಳು ಹಿರಿಯರ ಮೇಲ್ವಿಚಾರಣೆಯಲ್ಲಿ ಮಾಡುತ್ತಾರೆ, ಖಾಸಗಿ ಕ್ಲಿನಿಕ್ಕಿಗಿಂತ ಬಹಳ ಕಡಿಮೆ ಖರ್ಚು, ಸಮಯ ಮಾತ್ರ ಹಿಡಿಯುತ್ತೆ. ಅಚ್ಚು ತೆಗೆಯಲು ಆ ಹುಡುಗಿಗೆ ಮೂರು ಪ್ರಯತ್ನ ಬೇಕಾಯಿತು, ಪಾಪ, ಬೆವತುಹೋಗಿದ್ದಳು. ಗಟ್ಟಿ ಅಕ್ರಿಲಿಕ್ ಗಾರ್ಡ್ ಬಂದ ಮೇಲೆ ಬಣ್ಣದ ಕಾಗದ ಕಚ್ಚಿಸಿ, ಗುರುತು ಬಿದ್ದ ಕಡೆ ಉಜ್ಜಿ, ಎರಡೂ ಬದಿ ಒಟ್ಟಿಗೆ ತಾಗುವಂತೆ ಮಾಡಿಕೊಟ್ಟಳು. ಆರು ತಿಂಗಳಾಯಿತು, ಬರೀ ಗೀರು ಬಿದ್ದಿದೆ. ಹಾಕಿಕೊಂಡಾಗ ಸ್ವಲ್ಪ ತೊದಲುತ್ತೀನಿ, ಅದೊಂದೇ ದೂರು. ನೋವಿನಲ್ಲಿ ಹಗಲಿನ ಅಭ್ಯಾಸ ತಂದಷ್ಟು ವ್ಯತ್ಯಾಸವನ್ನು ಇದೂ ತಂದಿಲ್ಲ.

ಯಾವ ಗಾರ್ಡ್ ಆದರೂ ತೊಳೆಯಲು ತಣ್ಣೀರು, ಮೆತ್ತನೆಯ ಬ್ರಷ್ ಸಾಕು. ಪೇಸ್ಟ್ ಗೀರುತ್ತೆ. ನನ್ನ ಎರಡನೇ ಗಾರ್ಡನ್ನು ತಂಗಿ ಉಪಕಾರ ಮಾಡಲು ಹೋಗಿ ಬಿಸಿನೀರಲ್ಲಿ ತೊಳೆದು ಸಡಿಲ ಮಾಡಿಟ್ಟಿದ್ದಳು.

ಗಾರ್ಡಿನಿಂದ ಬಗೆಹರಿಯದವೂ ಇವೆ. ಜೋರು ಗೊರಕೆ, ಹಗಲಲ್ಲಿ ತೂಕಡಿಕೆ ಇದ್ದರೆ ಸ್ಲೀಪ್ ಆಪ್ನಿಯಾ (ನಿದ್ದೆಯಲ್ಲಿ ಉಸಿರು ಆಗಾಗ ನಿಲ್ಲುವ ತೊಂದರೆ) ಇರಬಹುದು, ಮೊದಲು ಅದನ್ನು ನೋಡಿಸಿ. ಖಿನ್ನತೆಗೆ ಕೊಡುವ ಕೆಲವು ಮಾತ್ರೆಗಳಿಂದಲೂ ಹಲ್ಲು ಕಡಿಯುವುದು ಶುರುವಾಗಬಹುದು. ಮಾತ್ರೆ ನೀವೇ ನಿಲ್ಲಿಸದೆ ಬರೆದುಕೊಟ್ಟವರಿಗೆ ಹೇಳಿ. ಬಾಯಿ ಸಿಕ್ಕಿಕೊಂಡು ಎರಡು ಬೆರಳೂ ಹೋಗದಿದ್ದರೆ, ಊತ ಜ್ವರ ಬಂದರೆ ಕಾಯಬೇಡಿ. ನಡೆದಾಗ, ಮೆಟ್ಟಿಲು ಹತ್ತಿದಾಗ ಎದೆ ಬಿಗಿತದ ಜೊತೆ ಬರುವ ದವಡೆ ನೋವು ಹೃದಯದ್ದಿರಬಹುದು, ಅದಕ್ಕೆ ನೇರ ಆಸ್ಪತ್ರೆ.

ಮೆತ್ತನೆಯ ಗಾರ್ಡಿಗೆ ಐದಕ್ಕೆ ಮೂರು ನಕ್ಷತ್ರ. ಹಲ್ಲಿಗೆ ಕ್ಲಿಪ್ ಹಾಕಿಸಿಕೊಂಡವರಿಗೆ, ಹಲ್ಲು ಅಲುಗಾಡುವವರಿಗೆ, ಇನ್ನೂ ಹಲ್ಲು ಬರುತ್ತಿರುವ ಮಕ್ಕಳಿಗೆ ಇದು ಬೇಡ. ನಾನು ತಂದ ಪೊಟ್ಟಣದಲ್ಲಿ ಇದ್ದದ್ದು ಒಂದೇ ಅಳತೆ. ಬಾಯಿ ಚಿಕ್ಕದಿದ್ದರೆ ಓಕರಿಕೆ ಬರದಂತೆ ಹಿಂದಿನ ತುದಿಗಳನ್ನು ಸ್ವಲ್ಪ ಕತ್ತರಿಸಿ, ಆದರೆ ಕೊನೆಯ ಹಲ್ಲು ಹೊರಗುಳಿಯದಂತೆ ನೋಡಿಕೊಳ್ಳಿ.